ಉಪ್ಪಾಗೆ ಹುಳಿ ನಿಜಕ್ಕೂ ಬೊಜ್ಜು ಕರಗಿಸುತ್ತದಾ?

ಹೋದ ಮಳೆಗಾಲದಲ್ಲಿ ಶಿರಸಿ ಹತ್ತಿರದ ನೆಂಟರ ಮನೆಗೆ ಹೋಗಿದ್ದೆ. ಊಟ ಮುಗಿದ ಮೇಲೆ ಅತ್ತೆ ಒಳಗಿನಿಂದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ನನ್ನ ಕೈಗಿಟ್ಟರು. ಬೆಂಗಳೂರಿನಲ್ಲಿರುವ ಮಗಳು ಆನ್‌ಲೈನ್‌ನಲ್ಲಿ ತರಿಸಿ ಕಳಿಸಿದ್ದಂತೆ. ಮೇಲೆ ಇಂಗ್ಲಿಷಿನಲ್ಲಿ 'ಗಾರ್ಸಿನಿಯಾ ಕಾಂಬೋಜಿಯಾ' ಎಂದಿತ್ತು. ಪಕ್ಕದಲ್ಲಿ ಸಣ್ಣ ಕುಂಬಳಕಾಯಿಯ ಹಾಗೆ ಗೆರೆ ಬಿದ್ದ ಹಳದಿ ಹಣ್ಣಿನ ಚಿತ್ರ.

"ಇದು ತಗಂಡ್ರೆ ಬೊಜ್ಜು ಕರಗ್ತಡ. ಹೌದನಾ ತಮಾ?"

"ಅತ್ತೆ, ಇದು ನಿಮ್ಮನೆ ಹಿತ್ಲ ಉಪ್ಪಾಗೆನೇಯ" ಎಂದೆ.

ಅವರಿಗೆ ನಂಬಿಕೆ ಬರಲಿಲ್ಲ. ಅಡುಗೆಮನೆಗೆ ಹೋಗಿ ಉಪ್ಪಾಗೆ ಸಿಪ್ಪೆಯ ಭರಣಿಯನ್ನೇ ಎತ್ತಿಕೊಂಡು ಬಂದರು. ಹೊಗೆ ಹಿಡಿದು ಕಪ್ಪಾದ, ಮುಟ್ಟಿದರೆ ಅಂಟುವ ಸಿಪ್ಪೆ. ಭರಣಿ ಮತ್ತು ಡಬ್ಬಿಯನ್ನು ಅಕ್ಕಪಕ್ಕ ಇಟ್ಟು ಸುಮಾರು ಹೊತ್ತು ನೋಡಿದರು. ದಿನಾ ಸಾರಿಗೆ ಹಾಕುವ ಹುಳಿ ಕ್ಯಾಪ್ಸೂಲ್ ಆಗಿ ಕೊರಿಯರ್‌ನಲ್ಲಿ ಮನೆಗೆ ಬಂದಿತ್ತು.

ಅತ್ತೆಯ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರ ಹೇಳಲು ಆಗುವುದಿಲ್ಲ. ಉಪ್ಪಾಗೆಯಲ್ಲಿರುವ ಒಂದು ಆಮ್ಲ ನಮ್ಮ ಜೀವಕೋಶದಲ್ಲಿ ಕೊಬ್ಬು ತಯಾರಾಗುವ ಕೆಲಸಕ್ಕೆ ಅಡ್ಡ ಬರುತ್ತದೆ ಎನ್ನುವುದು ನಿಜ. ಜಾಹೀರಾತಿನವರು ಕಟ್ಟಿದ ಕಥೆ ಅಲ್ಲ ಅದು. ಆದರೆ ಅಲ್ಲಿಂದ ಸೊಂಟದ ಬೊಜ್ಜಿನವರೆಗಿನ ದಾರಿ ತುಂಬಾ ದೂರ. ನಡುವೆ ಲಿವರ್‌ಗೆ ಅಪಾಯವೂ ಇದೆ. ಕಾಡಿನಿಂದ ಈ ಹಣ್ಣನ್ನು ಆರಿಸಿ ಒಣಗಿಸಿ ಕಳಿಸುವವರು ನಾವೇ. ಹಾಗಾಗಿ ನಮ್ಮ ಜಿಲ್ಲೆಯವರಿಗೆ ಇದು ಪೂರ್ತಿ ಗೊತ್ತಿರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಮೊದಲು ಆ ಆಮ್ಲದ ವಿಷಯ. ಉಪ್ಪಾಗೆಯ ಹುಳಿ ಟಾರ್ಟಾರಿಕ್ ಮತ್ತು ಸಿಟ್ರಿಕ್ ಆಮ್ಲದ್ದು ಎಂದು ಹಿಂದೆ ತಿಳಿದಿದ್ದರು. ಅಂದರೆ ಹುಣಸೆಹಣ್ಣಿನಲ್ಲಿ, ನಿಂಬೆಹಣ್ಣಿನಲ್ಲಿ ಇರುವಂಥದ್ದೇ. 1965ರಲ್ಲಿ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ವೈ. ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದು ಬೇರೆಯೇ ಆಮ್ಲ ಎಂದು ತೋರಿಸಿದರು. ಹೆಸರು ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಗುಳಿಗೆ ಡಬ್ಬಿಗಳ ಮೇಲೆ ಎಚ್‌ಸಿಎ ಎಂದು ಬರೆದಿರುವುದು ಇದನ್ನೇ. ಒಣಗಿದ ಸಿಪ್ಪೆಯ ತೂಕದಲ್ಲಿ ಇದು ಶೇ. 10ರಿಂದ 30ರಷ್ಟು ಇರುತ್ತದೆ. ನಮ್ಮ ಮುರುಗಲಿನಲ್ಲೂ (ಕೋಕಂ) ಇದೆ, ಸ್ವಲ್ಪ ಕಡಿಮೆ. ಕೊಡಗಿನವರ ಕಾಚಂಪುಳಿ, ಕೇರಳದವರು ಮೀನು ಸಾರಿಗೆ ಹಾಕುವ ಕುಡಂಪುಳಿ ಎಲ್ಲವೂ ಉಪ್ಪಾಗೆಯದೇ.

ನಿಂಬೆಯ ಸಿಟ್ರಿಕ್ ಆಮ್ಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಒಂದೇ ಒಂದು ಆಮ್ಲಜನಕದ ಪರಮಾಣು. ಸಿಟ್ರಿಕ್ ಆಮ್ಲದಲ್ಲಿ ಏಳು, ಇದರಲ್ಲಿ ಎಂಟು. ಉಳಿದದ್ದೆಲ್ಲ ಅಷ್ಟಕ್ಕಷ್ಟೇ. ಮುಂದಿನ ಕಥೆಯೆಲ್ಲ ಈ ಒಂದು ಪರಮಾಣುವಿನದು.

ನಾವು ಅನ್ನ ಉಂಡಾಗ ಅದರ ಪಿಷ್ಟ ಗ್ಲೂಕೋಸ್ ಆಗಿ ರಕ್ತಕ್ಕೆ ಬರುತ್ತದೆ, ಅಲ್ಲಿಂದ ಜೀವಕೋಶದೊಳಗೆ ಹೋಗುತ್ತದೆ. ಕೋಶದೊಳಗೆ ಮೈಟೋಕಾಂಡ್ರಿಯಾ ಎಂಬ ಸಣ್ಣ ಸಣ್ಣ ಒಲೆಗಳಿವೆ. ಗ್ಲೂಕೋಸ್ ಒಡೆದು ಒಡೆದು, ಕೊನೆಗೆ ಎರಡು ಕಾರ್ಬನ್ನಿನ ತುಂಡಾಗಿ ಈ ಒಲೆಯಲ್ಲಿ ಸಿಗುತ್ತದೆ. ಆ ತುಂಡಿಗೆ ಅಸಿಟೈಲ್-ಕೋಎ ಎಂದು ಹೆಸರು. ಅದು ಇನ್ನೊಂದು ಅಣುವಿನ ಜೊತೆ ಕೂಡಿ ಸಿಟ್ರೇಟ್ ಆಗುತ್ತದೆ. ನಿಂಬೆಯ ಹುಳಿಯೇ ಅದು. ಮೈಗೆ ಶಕ್ತಿ ಬೇಕಾಗಿದ್ದರೆ ಸಿಟ್ರೇಟ್ ಅಲ್ಲೇ ಉರಿದು ಖರ್ಚಾಗುತ್ತದೆ.

ಶಕ್ತಿ ಸಾಕಷ್ಟಿದ್ದು ಇನ್ನೂ ಊಟ ಬರುತ್ತಲೇ ಇದ್ದರೆ? ಆಗ ಜಾಸ್ತಿಯಾದದ್ದನ್ನು ಕೊಬ್ಬಾಗಿ ಕೂಡಿಡಬೇಕು. ಕೊಬ್ಬು ತಯಾರಾಗುವುದು ಒಲೆಯ ಹೊರಗೆ. ಆದರೆ ಅಸಿಟೈಲ್-ಕೋಎ ತಾನಾಗಿ ಒಲೆಯ ಗೋಡೆ ದಾಟಲಾರದು. ಸಿಟ್ರೇಟ್ ದಾಟಬಲ್ಲದು. ಹಾಗಾಗಿ ಸಿಟ್ರೇಟ್ ರೂಪದಲ್ಲೇ ಹೊರಗೆ ಬಂದು, ಅಲ್ಲಿ ಮತ್ತೆ ಒಡೆದು ಅಸಿಟೈಲ್-ಕೋಎ ಆಗಬೇಕು. ಹೀಗೆ ಒಡೆಯುವ ಕೆಲಸ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವದ್ದು. ಒಡೆದು ಸಿಕ್ಕ ಎರಡು ಕಾರ್ಬನ್ನಿನ ತುಂಡುಗಳನ್ನು ಎಂಟು ಸಲ ಜೋಡಿಸಿದರೆ 16 ಕಾರ್ಬನ್ನಿನ ಪಾಲ್ಮಿಟಿಕ್ ಆಮ್ಲ ಸಿಗುತ್ತದೆ. ಅದೇ ಕೊಬ್ಬಿನ ಮೂಲ ಎಳೆ. ಕೊಲೆಸ್ಟ್ರಾಲ್ ಶುರುವಾಗುವುದೂ ಇದೇ ತುಂಡುಗಳಿಂದ.

ಈಗ ಅಡಿಕೆ ಸುಲಿಯುವುದನ್ನು ನೆನಪು ಮಾಡಿಕೊಳ್ಳಿ. ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಹೆಂಗಸರು ಕೂತಿದ್ದಾರೆ. ಕೈ ತನ್ನಷ್ಟಕ್ಕೆ ರಾಶಿಗೆ ಹೋಗುತ್ತದೆ, ಅಡಿಕೆ ತೆಗೆಯುತ್ತದೆ, ಕತ್ತಿಗೆ ಒತ್ತುತ್ತದೆ, ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಆ ರಾಶಿಯಲ್ಲಿ ಯಾರೋ ಅಡಿಕೆಯಂತೆಯೇ ಕಾಣುವ ಕಲ್ಲು ಬೆರೆಸಿದರೆ ಏನಾಗುತ್ತದೆ? ಕೈಗೆ ಗೊತ್ತಾಗುವುದಿಲ್ಲ. ತೆಗೆದು ಕತ್ತಿಗೆ ಒತ್ತುತ್ತಾರೆ. ಸುಲಿಯುವುದಿಲ್ಲ. ಅದನ್ನು ಬಿಟ್ಟು ಇನ್ನೊಂದು ತೆಗೆಯುವವರೆಗೆ ಕೆಲಸ ನಿಂತಿತು.

ಎಚ್‌ಸಿಎ ಮಾಡುವುದು ಇದನ್ನೇ. ಆ ಕಿಣ್ವದಲ್ಲಿ ಸಿಟ್ರೇಟ್ ಕೂರುವ ಜಾಗದಲ್ಲಿ ಬಂದು ಕೂರುತ್ತದೆ, ಅದೂ ಸಿಟ್ರೇಟ್‌ಗಿಂತ ಎಷ್ಟೋ ಬಿಗಿಯಾಗಿ. ಆದರೆ ಒಡೆಯುವುದಿಲ್ಲ. ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು 1969ರಲ್ಲಿ ಇದನ್ನು ತೋರಿಸಿದರು. 1971ರಲ್ಲಿ ಇಲಿಯ ಲಿವರ್‌ನಲ್ಲಿ ಕೊಬ್ಬಿನಾಮ್ಲ ತಯಾರಾಗುವುದು ಇದರಿಂದ ತಗ್ಗುತ್ತದೆ ಎಂದೂ ತೋರಿಸಿದರು. ಮೈಸೂರಿನಲ್ಲಿ ಗುರುತು ಸಿಕ್ಕ ಹುಳಿ ಆರೇ ವರ್ಷದಲ್ಲಿ ಕೊಬ್ಬಿನ ಸಂಶೋಧನೆಯ ದೊಡ್ಡ ಸುದ್ದಿಯಾಯಿತು.

ಅಣುವಿನ ಆಕಾರ ಇಲ್ಲಿ ಎಷ್ಟು ಮುಖ್ಯ ಎನ್ನುವುದಕ್ಕೆ ಒಂದು ಮಾತು. ಎಚ್‌ಸಿಎ ಅಣುವನ್ನು ನಾಲ್ಕು ರೀತಿ ಕಟ್ಟಬಹುದು. ಪರಮಾಣುಗಳು ಅವೇ, ಜೋಡಣೆಯ ದಿಕ್ಕು ಮಾತ್ರ ಬೇರೆ, ಎಡಗಾಲಿನ ಚಪ್ಪಲಿ ಬಲಗಾಲಿನ ಚಪ್ಪಲಿ ಇದ್ದ ಹಾಗೆ. ಪುಂಡಿ ಜಾತಿಯ ಗಿಡದಲ್ಲಿ ಒಂದು ರೀತಿಯದು ಸಿಗುತ್ತದೆ. ಆ ಕಿಣ್ವವನ್ನು ಬಲವಾಗಿ ತಡೆಯುವುದು ಉಪ್ಪಾಗೆಯಲ್ಲಿ, ಮುರುಗಲಿನಲ್ಲಿ ಇರುವ ರೀತಿಯದು ಮಾತ್ರ.

ತಡೆದಾಗ ಕೋಶದಲ್ಲಿ ಇನ್ನೊಂದು ಬದಲಾವಣೆಯೂ ಆಗುತ್ತದೆ. ಅಸಿಟೈಲ್-ಕೋಎಯಿಂದ ಕೊಬ್ಬು ಕಟ್ಟುವಾಗ ನಡುವೆ ಮೆಲೋನೈಲ್-ಕೋಎ ಎಂಬುದು ಬರುತ್ತದೆ. ಅದಕ್ಕೆ ಎರಡು ಕೆಲಸ. ಒಂದು, ಕೊಬ್ಬು ಕಟ್ಟಲು ಇಟ್ಟಿಗೆ ಆಗುವುದು. ಇನ್ನೊಂದು, ಕೊಬ್ಬು ಉರಿಯುವ ಬಾಗಿಲಿಗೆ ಅಗುಳಿ ಹಾಕುವುದು. ಕೊಬ್ಬಿನಾಮ್ಲ ಮೈಟೋಕಾಂಡ್ರಿಯಾದೊಳಗೆ ಹೋಗಿ ಉರಿಯಬೇಕಾದರೆ ಸಿಪಿಟಿ-1 ಎಂಬ ಬಾಗಿಲು ದಾಟಬೇಕು. ಮೆಲೋನೈಲ್-ಕೋಎ ಜಾಸ್ತಿ ಇದ್ದರೆ ಬಾಗಿಲು ಮುಚ್ಚಿರುತ್ತದೆ. ಒಂದು ಕಡೆ ಕೊಬ್ಬು ಕಟ್ಟುತ್ತಾ ಇನ್ನೊಂದು ಕಡೆ ಸುಡುತ್ತಾ ಕೂತರೆ ದಂಡ, ಅಲ್ವಾ? ಅದಕ್ಕೇ ಈ ಏರ್ಪಾಡು. ಎಚ್‌ಸಿಎ ಸಿಟ್ರೇಟ್ ಒಡೆಯುವುದನ್ನು ತಡೆದರೆ ಮೆಲೋನೈಲ್-ಕೋಎ ಕಡಿಮೆಯಾಗುತ್ತದೆ, ಅಗುಳಿ ಸಡಿಲವಾಗುತ್ತದೆ, ಕೊಬ್ಬು ಉರಿಯುತ್ತದೆ. 'ಫ್ಯಾಟ್ ಬರ್ನರ್' ಎಂಬ ಜಾಹೀರಾತಿನ ಮಾತು ಹುಟ್ಟಿದ್ದು ಇಲ್ಲಿಂದ.

ಕೊಬ್ಬಿನಾಚೆಗೂ ಇದರ ಕೈ ಚಾಚಿದೆ. ನಮ್ಮ ಕೋಶದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡಿರುತ್ತದೆ. ಅವುಗಳಿಗೆ ಅಸಿಟೈಲ್ ತುಂಡು ಅಂಟಿಸಿದರೆ ಸುತ್ತು ಸಡಿಲಾಗಿ ಆ ಭಾಗದ ಜೀನ್‌ಗಳು ಕೆಲಸ ಶುರು ಮಾಡುತ್ತವೆ. ಅಂಟಿಸಲು ಬೇಕಾದ ಅಸಿಟೈಲ್ ಕೊಡುವುದೂ ಇದೇ ಎಟಿಪಿ ಸಿಟ್ರೇಟ್ ಲಯೇಸ್ ಎಂದು 2009ರಲ್ಲಿ ಗೊತ್ತಾಯಿತು. ಅಂದರೆ ನಾವು ಎಷ್ಟು ಉಂಡೆವು ಎಂಬ ಸುದ್ದಿ ಇದೇ ಕಿಣ್ವದ ಮೂಲಕ ಜೀನ್‌ಗಳ ತನಕ ಮುಟ್ಟುತ್ತದೆ. ನಮ್ಮ ಇನ್ನೊಂದು ಹಣ್ಣು ಮುರುಗಲಿನಲ್ಲಿ ಗಾರ್ಸಿನಾಲ್ ಎಂಬ ಹಳದಿ ವಸ್ತುವಿದೆ. ಅದು ಹಿಸ್ಟೋನ್‌ಗೆ ಅಸಿಟೈಲ್ ಅಂಟಿಸುವ ಕಿಣ್ವಗಳನ್ನೇ ತಡೆಯುತ್ತದೆ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ತಪಸ್ ಕುಂಡು ಅವರ ತಂಡ 2004ರಲ್ಲಿ ಇದನ್ನು ಪ್ರಕಟಿಸಿತು. ಒಂದೇ ಕುಲದ ಎರಡು ಹಣ್ಣು. ಒಂದು ಅಸಿಟೈಲ್ ತಯಾರಿಯನ್ನು ತಡೆಯುತ್ತದೆ, ಇನ್ನೊಂದು ಅದರ ಬಳಕೆಯನ್ನು. ಎರಡೂ ನಮ್ಮ ಘಟ್ಟದಲ್ಲೇ ಬೆಳೆಯುತ್ತವೆ ಎಂಬುದು ನನಗೆ ಇವತ್ತಿಗೂ ಸೋಜಿಗವೇ.

ಇಷ್ಟೆಲ್ಲ ನಿಜ ಇದ್ದ ಮೇಲೆ ಗುಳಿಗೆ ಕೆಲಸ ಮಾಡಬೇಕಲ್ಲವಾ?

1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಸ್ಟೀವನ್ ಹೈಮ್ಸ್‌ಫೀಲ್ಡ್ ಮತ್ತು ಸಂಗಡಿಗರ ಪರೀಕ್ಷೆಯ ಫಲಿತಾಂಶ ಬಂತು. ತೂಕ ಜಾಸ್ತಿ ಇದ್ದ 135 ಜನ, 12 ವಾರ. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಎಚ್‌ಸಿಎ. ಇನ್ನೊಂದು ಗುಂಪಿಗೆ ನೋಡಲು ಅದೇ ತರಹದ, ಒಳಗೆ ಮದ್ದಿಲ್ಲದ ಗುಳಿಗೆ. ಯಾರಿಗೆ ಯಾವುದು ಎಂದು ಯಾರಿಗೂ ಹೇಳಿರಲಿಲ್ಲ. ಎಲ್ಲರಿಗೂ ಒಂದೇ ರೀತಿಯ ಪಥ್ಯ. ಕೊನೆಗೆ ಎಚ್‌ಸಿಎ ತೆಗೆದುಕೊಂಡವರು ಸರಾಸರಿ 3.2 ಕೆಜಿ ಇಳಿದಿದ್ದರು, ಮದ್ದಿಲ್ಲದ ಗುಳಿಗೆ ನುಂಗಿದವರು 4.1 ಕೆಜಿ. ಈ ಅಂತರವೂ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ತೂಕ ಇಳಿಸಿದ್ದು ಪಥ್ಯ. 2011ರಲ್ಲಿ ಇಂಥ ಹಲವು ಪರೀಕ್ಷೆಗಳನ್ನು ಒಟ್ಟು ಸೇರಿಸಿ ನೋಡಿದಾಗ ಎಚ್‌ಸಿಎಯಿಂದ ಸಿಕ್ಕ ಲಾಭ ಸುಮಾರು 0.88 ಕೆಜಿ. ಚೆನ್ನಾಗಿ ನಡೆಸಿದ ಪರೀಕ್ಷೆಗಳನ್ನು ಮಾತ್ರ ಆರಿಸಿಕೊಂಡರೆ ಅದೂ ನಿಲ್ಲಲಿಲ್ಲ.

ಕಾರಣ ಹುಡುಕಿದರೆ ಜೀವಕೋಶಕ್ಕೇ ವಾಪಸ್ ಹೋಗಬೇಕು. ಇಲಿ ತಿಂದ ಪಿಷ್ಟದಿಂದ ಸಾಕಷ್ಟು ಕೊಬ್ಬು ಕಟ್ಟುತ್ತದೆ. ಮನುಷ್ಯ ಸಾಮಾನ್ಯ ಊಟದಲ್ಲಿ ಹಾಗೆ ಕಟ್ಟುವುದು ಕಡಿಮೆ. ನಮ್ಮ ಮೈಯ ಕೊಬ್ಬಿನ ಬಹುಪಾಲು ನಾವು ತಿಂದ ಎಣ್ಣೆ, ತುಪ್ಪ, ತೆಂಗಿನಕಾಯಿಯ ಕೊಬ್ಬೇ. ಅದು ನೇರವಾಗಿ ಬಂದು ಸೇರುತ್ತದೆ. ಅನ್ನ, ಸಕ್ಕರೆ ಜಾಸ್ತಿಯಾದಾಗ ದೇಹ ಮೊದಲು ಅವನ್ನು ಉರಿಸಿಕೊಳ್ಳುತ್ತದೆ, ಕೊಬ್ಬು ಹಾಗೆಯೇ ಕೂತಿರುತ್ತದೆ. ಹೀಗಿರುವಾಗ ಪಿಷ್ಟದಿಂದ ಕೊಬ್ಬು ಕಟ್ಟುವ ದಾರಿ ಮುಚ್ಚಿದರೆ ಎಷ್ಟು ಉಳಿತಾಯವಾದೀತು?

ಆ ದಾರಿಯೂ ಪೂರ್ತಿ ಮುಚ್ಚುವುದಿಲ್ಲ. ಮೆಟ್ಟುಗತ್ತಿಯ ರಾಶಿಯನ್ನೇ ನೋಡಿ. ಕಲ್ಲು ಹತ್ತೇ ಇದ್ದು ಅಡಿಕೆ ಬುಟ್ಟಿಗಟ್ಟಲೆ ಬಂದು ಬಿದ್ದರೆ, ಕೈಗೆ ಸಿಗುವುದು ಹೆಚ್ಚು ಅಡಿಕೆಯೇ. ಊಟ ಜೋರಾದಾಗ ಕೋಶದಲ್ಲಿ ಸಿಟ್ರೇಟ್ ಹಾಗೆ ಬಂದು ಬೀಳುತ್ತದೆ. ಜೊತೆಗೆ ಎಚ್‌ಸಿಎ ಊಟದೊಂದಿಗೆ ಹೋದರೆ ಕರುಳು ಹೀರುವುದು ಕಡಿಮೆ. ಬಿಸಿ ಮಾಡಿದರೆ, ಗಟ್ಟಿ ಮಾಡಿದರೆ ಅದು ಲ್ಯಾಕ್ಟೋನ್ ಎಂಬ ಇನ್ನೊಂದು ರೂಪಕ್ಕೆ ತಿರುಗುತ್ತದೆ. ಆ ರೂಪಕ್ಕೆ ಕಿಣ್ವವನ್ನು ತಡೆಯುವ ಕಸುವು ಬಹಳ ಕಡಿಮೆ. ಗುಳಿಗೆ ಮಾಡುವವರು ಇದನ್ನು ಕ್ಯಾಲ್ಸಿಯಂ, ಪೊಟಾಶಿಯಂ ಲವಣವಾಗಿಸಿ ಮಾರುವುದು ಅದಕ್ಕೇ.

ಇದಲ್ಲದೆ ಒಂದು ಹಿಂಬಾಗಿಲು ಇದೆ. ಇದು ಗೊತ್ತಾಗಿದ್ದು ಈಚೆಗೆ. 2020ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಯಾಥರಿನ್ ವೆಲೆನ್ ಅವರ ತಂಡ ಇಲಿಗಳ ಲಿವರ್‌ನಲ್ಲಿ ಈ ಕಿಣ್ವವನ್ನೇ ಇಲ್ಲವಾಗಿಸಿ ನೋಡಿತು. ಫ್ರಕ್ಟೋಸ್ ಕೊಟ್ಟಾಗ ಲಿವರ್ ಕೊಬ್ಬು ಕಟ್ಟುವುದನ್ನು ನಿಲ್ಲಿಸಲಿಲ್ಲ. ಕರುಳಿನ ಬ್ಯಾಕ್ಟೀರಿಯಾ ಫ್ರಕ್ಟೋಸನ್ನು ಅಸಿಟೇಟ್ ಮಾಡಿ ಕಳಿಸುತ್ತಿದ್ದವು. ಲಿವರ್ ಆ ಅಸಿಟೇಟ್‌ನಿಂದ ನೇರವಾಗಿ ಅಸಿಟೈಲ್-ಕೋಎ ಮಾಡಿಕೊಂಡಿತು. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್. ಬೆಲ್ಲದಲ್ಲೂ ಹೆಚ್ಚಿನದು ಆ ಸಕ್ಕರೆಯೇ. ದೋಸೆಗೆ ಜೋನಿಬೆಲ್ಲ ಸುರಿದುಕೊಂಡು ಮೇಲೆ ಎಚ್‌ಸಿಎ ಗುಳಿಗೆ ನುಂಗಿದರೆ ಮುಂಬಾಗಿಲಿಗೆ ಚಿಲಕ ಹಾಕಿ ಹಿಂಬಾಗಿಲು ತೆಗೆದಿಟ್ಟ ಹಾಗೆ.

ಹಾಗಂತ ಈ ಕಿಣ್ವದ ಸಂಶೋಧನೆ ವ್ಯರ್ಥವಾಗಲಿಲ್ಲ. ಬೆಂಪೆಡೋಯಿಕ್ ಆಮ್ಲ ಎಂಬ ಔಷಧಿ ತಡೆಯುವುದು ಇದೇ ಎಟಿಪಿ ಸಿಟ್ರೇಟ್ ಲಯೇಸನ್ನು. 2020ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು, ನಮ್ಮಲ್ಲೂ ಈಗ ವೈದ್ಯರು ಬರೆದುಕೊಡುತ್ತಾರೆ. ಅದು ಚುರುಕಾಗುವುದು ಲಿವರ್‌ಗೆ ಹೋದ ಮೇಲೆ. ಚುರುಕು ಮಾಡುವ ಕಿಣ್ವ ಸ್ನಾಯುಗಳಲ್ಲಿ ಇಲ್ಲ. ಹಾಗಾಗಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯಿಂದ ಮೈಕೈ ನೋವು ಬರುವವರಿಗೆ ಇದು ಉಪಯೋಗ. ಸುಮಾರು 14,000 ಜನರ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹೃದಯಾಘಾತದಂಥ ದೊಡ್ಡ ತೊಂದರೆಗಳು ಶೇ. 13ರಷ್ಟು ಕಡಿಮೆಯಾದವು. ಆದರೆ ಅದು ಇಳಿಸುವುದು ಕೆಟ್ಟ ಕೊಲೆಸ್ಟ್ರಾಲನ್ನು. ತೂಕ ಇಳಿಸಲು ಅದನ್ನು ಯಾರೂ ಕೊಡುವುದಿಲ್ಲ. ಅಷ್ಟು ಪಳಗಿಸಿದ ಔಷಧಿಯೇ ಬೊಜ್ಜಿನ ತಂಟೆಗೆ ಹೋಗಿಲ್ಲ ಎನ್ನುವುದನ್ನು ಗುಳಿಗೆ ಕೊಳ್ಳುವವರು ಗಮನಿಸಬೇಕು.

ಇನ್ನು ಲಿವರ್. ನಾನು ಅತ್ತೆಯ ಕೈಯಿಂದ ಡಬ್ಬಿ ತೆಗೆದಿಟ್ಟಿದ್ದು ಈ ಕಾರಣಕ್ಕೆ.

ಗಾರ್ಸಿನಿಯಾ ಗುಳಿಗೆ ನುಂಗಿದ ಕೆಲವರಿಗೆ ಕೆಲವೇ ವಾರಗಳಲ್ಲಿ ಕಾಮಾಲೆ ಬಂದಿದೆ. ಅಮೆರಿಕದಲ್ಲಿ ಔಷಧಿಯಿಂದ ಲಿವರ್ ಕೆಟ್ಟವರ ದಾಖಲೆ ಇಡುವ ಒಂದು ಜಾಲವಿದೆ. 2022ರಲ್ಲಿ ಅದು ಪ್ರಕಟಿಸಿದ ಪ್ರಕಾರ 1,418 ರೋಗಿಗಳಲ್ಲಿ 22 ಜನರ ತೊಂದರೆಗೆ ಗಾರ್ಸಿನಿಯಾ ಇದ್ದ ಗುಳಿಗೆಗಳೇ ಕಾರಣ. ಹೆಚ್ಚಿನವರು ನುಂಗಿದ್ದರಲ್ಲಿ ಗ್ರೀನ್ ಟೀ ಸಾರವೂ ಸೇರಿತ್ತು. ಆದರೆ ಗಾರ್ಸಿನಿಯಾ ಒಂದನ್ನೇ ತೆಗೆದುಕೊಂಡವರೂ ಇದ್ದರು. ಗಾರ್ಸಿನಿಯಾದಿಂದ ತೊಂದರೆಯಾದ ಈ ರೋಗಿಗಳ ರಕ್ತ ಪರೀಕ್ಷೆ ಮಾಡಿದಾಗ ಎಚ್‌ಎಲ್‌ಎ-ಬಿ 35:01 ಎಂಬ ಜೀನ್ ಮಾದರಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸಿಕ್ಕಿತು. ಸಾಮಾನ್ಯ ಜನರಲ್ಲಿ ಇದು ಅಷ್ಟಿರುವುದಿಲ್ಲ. ಇದರ ಅರ್ಥ ಇಷ್ಟು: ಇದು ಡೋಸ್ ಜಾಸ್ತಿಯಾಗಿ ಬರುವ ವಿಷದಂಥದ್ದಲ್ಲ. ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಆ ವಸ್ತುವನ್ನು ಕಂಡು ಕೆರಳಿ ಲಿವರ್ ಮೇಲೆಯೇ ತಿರುಗಿಬೀಳುತ್ತದೆ. ಯಾರಿಗೆ ಹಾಗಾಗುತ್ತದೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಗುಳಿಗೆ ಬಿಟ್ಟರೆ ಹೆಚ್ಚಿನವರು ಸುಧಾರಿಸುತ್ತಾರೆ. ಕೆಲವರಿಗೆ ಲಿವರ್ ಕಸಿ ಮಾಡಬೇಕಾಗಿ ಬಂದಿದೆ, ಜೀವ ಹೋದದ್ದೂ ಇದೆ. ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ 2025ರಲ್ಲಿ ಗಾರ್ಸಿನಿಯಾ ಇರುವ ಪೂರಕಗಳನ್ನು ಸೇವಿಸಬೇಡಿ ಎಂದೇ ಹೇಳಿತು.

ಅತ್ತೆ ಅಷ್ಟರಲ್ಲಿ ಹದಿನೈದು ದಿನ ತೆಗೆದುಕೊಂಡಾಗಿತ್ತು. ಮಾರನೇ ದಿನ ಪೇಟೆಗೆ ಹೋಗಿ ಲಿವರ್ ಫಂಕ್ಷನ್ ಟೆಸ್ಟ್ ಮಾಡಿಸಿದೆವು. ಸರಿ ಇತ್ತು. ನಿಮ್ಮ ಮನೆಯಲ್ಲೂ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ, ವಾಕರಿಕೆ, ವಿಪರೀತ ಸುಸ್ತು, ಮೂತ್ರ ಕಡುಬಣ್ಣಕ್ಕೆ ತಿರುಗುವುದು, ಕಣ್ಣು ಹಳದಿಯಾಗುವುದು ಕಂಡರೆ ಗುಳಿಗೆ ಬಿಟ್ಟು ತಡ ಮಾಡದೆ ವೈದ್ಯರ ಹತ್ತಿರ ಹೋಗಿ. ಡಬ್ಬಿಯನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ಎಷ್ಟೋ ಜನ ಇದು ಔಷಧಿ ಅಲ್ಲ, ಸುಮ್ನೆ ಹಣ್ಣಿನದ್ದು ಎಂದುಕೊಂಡು ವೈದ್ಯರಿಗೆ ಹೇಳುವುದೇ ಇಲ್ಲ.

"ಹಂಗಾರೆ ಸಾರಿಗೂ ಹಾಕದು ಬ್ಯಾಡ್ದಾ?" ಎಂದು ಅತ್ತೆ ಗಾಬರಿಯಾದರು. ಧಾರಾಳವಾಗಿ ಹಾಕಿ ಎಂದೆ. ಲೆಕ್ಕ ಹಾಕೋಣ. ನಾಲ್ಕು ಜನರ ಸಾರಿಗೆ ಐದು ಗ್ರಾಂ ಸಿಪ್ಪೆ ಹಾಕಿದರೆ, ಅದರಲ್ಲಿ ಐದನೇ ಒಂದು ಭಾಗ ಎಚ್‌ಸಿಎ ಎಂದಿಟ್ಟುಕೊಂಡರೂ, ಒಬ್ಬರಿಗೆ ಸಿಗುವುದು 250 ಮಿಲಿಗ್ರಾಂ. ಕುದಿಯುವಾಗ ಒಂದಷ್ಟು ಲ್ಯಾಕ್ಟೋನ್ ಆಗುತ್ತದೆ. ಅನ್ನದ ಜೊತೆ ಹೋಗುವುದರಿಂದ ಮೈಗೆ ಹತ್ತುವುದು ಇನ್ನೂ ಕಡಿಮೆ. ಗುಳಿಗೆಯಲ್ಲಿ ಸಾರ ಇಳಿಸಿ ಗಟ್ಟಿ ಮಾಡಿದ್ದನ್ನು ದಿನಕ್ಕೆ ಎರಡು ಮೂರು ಸಲ, ಖಾಲಿ ಹೊಟ್ಟೆಗೆ, ತಿಂಗಳುಗಟ್ಟಲೆ ನುಂಗುತ್ತಾರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಆ ಗುಳಿಗೆಯ ಬೇಡಿಕೆ ನಮ್ಮ ಕಾಡಿನ ಮೇಲೂ ಬಿದ್ದಿದೆ. ಉಪ್ಪಾಗೆ ಹಣ್ಣಾಗುವುದು ಜಡಿಮಳೆಯ ದಿನಗಳಲ್ಲಿ. ಬಿಸಿಲು ಇಲ್ಲ. ಹಣ್ಣು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಬಿದಿರ ತಟ್ಟಿಯ ಮೇಲೆ ಹರಡಿ ಕೆಳಗೆ ಬೆಂಕಿ ಹಾಕಬೇಕು. ರಾತ್ರಿ ಹಗಲು ಒಬ್ಬರು ಕಾಯಬೇಕು. ಹೊಗೆಗೆ ಕಣ್ಣು ಬಿಡಲಾಗುವುದಿಲ್ಲ. ಸೌದೆ ರಾಶಿಗಟ್ಟಲೆ ಬೇಕು, ಅದೂ ಕಾಡಿನಿಂದಲೇ. ದರ ಏರಿದ ವರ್ಷ ಬೇರೆಯವರು ಕೊಯ್ಯುವ ಮೊದಲು ನಾವು ಕೊಯ್ಯಬೇಕೆಂಬ ಪೈಪೋಟಿ. ಹಣ್ಣು ಬಲಿಯುವ ಮೊದಲೇ ಕೊಯ್ಯುತ್ತಾರೆ, ಕೊಂಬೆಯನ್ನೇ ಕಡಿಯುವವರೂ ಇದ್ದಾರೆ. ಬೀಜದಿಂದ ಬೆಳೆದ ಉಪ್ಪಾಗೆ ಮರ ಫಲ ಕೊಡಲು ಹತ್ತು ವರ್ಷವಾದರೂ ಬೇಕು. ಅದರಲ್ಲೂ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಅಘನಾಶಿನಿ ಕಣಿವೆಯಲ್ಲಿ ಸಿಂಗಳೀಕಗಳಿಗೆಂದೇ 2011ರಲ್ಲಿ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಮಳೆಗಾಲದಲ್ಲಿ ಆ ಸಿಂಗಳೀಕಗಳಿಗೂ ಉಪ್ಪಾಗೆ ಹಣ್ಣು ಬೇಕು. ಕೆಲಸ ಮಾಡದ ಗುಳಿಗೆಗಾಗಿ ಇಷ್ಟೆಲ್ಲ ಸವೆಯುತ್ತಿದೆ ಎಂಬುದು ನನಗೆ ನಿಜವಾಗಿ ಸಂಕಟ ತರುತ್ತದೆ. ಈ ಹಣ್ಣು ಆರಿಸಿ ಮಳೆಗಾಲ ದಾಟುವ ಮನೆಗಳು ನಮ್ಮಲ್ಲಿ ಬಹಳ ಇವೆ. ಹುಳಿಯಾಗಿ ಇದಕ್ಕೆ ಅಡುಗೆಮನೆಯಲ್ಲಿ ಇರುವ ಬೇಡಿಕೆ ಅವರಿಗೆ ಹೆಚ್ಚು ಭದ್ರ. ಗುಳಿಗೆಯ ಬೇಡಿಕೆ ಒಂದು ಸರ್ಕಾರದ ಆದೇಶಕ್ಕೆ ಕುಸಿಯಬಹುದು.

ಸಿಪ್ಪೆ ಮಾತ್ರ ಬೇಕಾದವರು ಬೀಜವನ್ನು ಕಾಡಿನಲ್ಲೇ ಸುರಿದು ಹೋಗುತ್ತಾರೆ. ಅತ್ತೆಯ ಮನೆಯಲ್ಲಿ ಹಾಗಿಲ್ಲ. ಬೀಜ ಒಣಗಿಸಿ, ಸಿಪ್ಪೆ ತೆಗೆದು, ಕುಟ್ಟಿ, ನೀರಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ್ದನ್ನು ಸೌಟಿನಿಂದ ತೆಗೆದರೆ ಉಪ್ಪಾಗೆ ತುಪ್ಪ. ಹೊರಗಿನ ಸಿಪ್ಪೆಯಲ್ಲಿ ಕೊಬ್ಬು ಕಟ್ಟುವುದನ್ನು ತಡೆಯುವ ಆಮ್ಲ, ಒಳಗಿನ ಬೀಜದ ತುಂಬಾ ಕೊಬ್ಬು. ಅದರಲ್ಲಿ ಸ್ಟಿಯರಿಕ್ ಮತ್ತು ಒಲಿಯಿಕ್ ಆಮ್ಲಗಳೇ ಜಾಸ್ತಿ. ಸ್ಟಿಯರಿಕ್ ಗಟ್ಟಿ ಕೊಬ್ಬಾದರೂ ಪಾಲ್ಮಿಟಿಕ್‌ನ ಹಾಗೆ ಕೆಟ್ಟ ಕೊಲೆಸ್ಟ್ರಾಲ್ ಏರಿಸುವುದಿಲ್ಲ. ಅದರಲ್ಲಿ ಒಂದು ಪಾಲನ್ನು ಲಿವರ್ ಒಲಿಯಿಕ್ ಆಗಿ ಬದಲಿಸಿಕೊಳ್ಳುತ್ತದೆ. ಕೊಬ್ಬು ಕೊಬ್ಬೇ, ಅಳತೆಯಲ್ಲಿ ತಿನ್ನಬೇಕು. ನಾನು ಹೊರಡುವಾಗ ಅತ್ತೆ ಬೆಂಗಳೂರಿನ ಮಗಳಿಗೆ ಮುಟ್ಟಿಸಲು ಒಂದು ಪೊಟ್ಟಣ ಒಣಸಿಪ್ಪೆ, ಒಂದು ಸಣ್ಣ ಬಾಟಲಿ ತುಪ್ಪ ಕಟ್ಟಿಕೊಟ್ಟರು. ಗುಳಿಗೆಯ ಡಬ್ಬಿಯನ್ನೂ ಅದೇ ಚೀಲದಲ್ಲಿ ಹಾಕಿದ್ದರು, ವಾಪಸ್ ಕೊಡಲು.